ಸಂವೇದಕಗಳ ಆಧಾರ ವೋಲ್ಟೇಜ್ ಮಂಡಲ

ಕಾರಿನ ಎಂಜಿನ್ ನಿಯಂತ್ರಣ ಘಟಕವು (ಇಸಿಯು) ತನ್ನ ಸಂವೇದಕಗಳಿಗೆ ಸ್ಥಿರವಾದ 5 ವೋಲ್ಟ್ ಪೂರೈಸುವ ವಿದ್ಯುನ್ಮಂಡಲವನ್ನು ಆಧಾರ ವೋಲ್ಟೇಜ್ ಮಂಡಲ ಎನ್ನುತ್ತಾರೆ. ಥ್ರಾಟಲ್‌ನ ಸ್ಥಾನ, ಮ್ಯಾನಿಫೋಲ್ಡ್‌ನ ಒತ್ತಡ ಮುಂತಾದವನ್ನು ಅಳೆಯುವ ಮೂರು ತಂತಿಗಳ ಸಂವೇದಕಗಳು ಸಾಮಾನ್ಯವಾಗಿ ಈ ಪೂರೈಕೆಯನ್ನೂ ಅರ್ಥ್ ತಂತಿಯನ್ನೂ ಹಂಚಿಕೊಂಡಿರುತ್ತವೆ. ಆದ್ದರಿಂದ ಒಂದು ಸಂವೇದಕ ಶಾರ್ಟ್ ಆದರೆ ಉಳಿದವುಗಳ ವೋಲ್ಟೇಜ್ ಕೂಡ ಕುಸಿದು, ಸ್ಕ್ಯಾನರ್‌ನಲ್ಲಿ ಸಂಬಂಧವಿಲ್ಲದಂತೆ ತೋರುವ ಹಲವು ದೋಷಸಂಕೇತಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಹಲವು ಸಂವೇದಕಗಳು ಏಕಕಾಲಕ್ಕೆ ಕೆಡುವುದು ಅಪರೂಪ. ಮೊದಲು ಶಂಕಿಸಬೇಕಾದದ್ದು ಅವು ಹಂಚಿಕೊಂಡ ತಂತಿಯನ್ನು. ಪಿ0642 ಸಂಕೇತವು ‘ಎ’ ಮಂಡಲದ ವೋಲ್ಟೇಜ್ ತಗ್ಗಿರುವುದನ್ನೂ ಪಿ0643 ಹೆಚ್ಚಿರುವುದನ್ನೂ ಸೂಚಿಸುತ್ತವೆ.

== ದೋಷಪತ್ತೆ ==
ಎಂಜಿನ್ ನಿಲ್ಲಿಸಿ, ಇಗ್ನಿಷನ್ ಆನ್ ಮಾಡಿ, ಒಂದು ಸಂವೇದಕದ ಕನೆಕ್ಟರ್‌ನಲ್ಲಿ ಮಲ್ಟಿಮೀಟರ್‌ನಿಂದ ವೋಲ್ಟೇಜ್ ಅಳೆಯಲಾಗುತ್ತದೆ. ಅದು ಕಡಿಮೆಯಿದ್ದರೆ, ಮೀಟರನ್ನು ಹಾಗೆಯೇ ಇರಿಸಿ, ತಂತಿ ನಕ್ಷೆಯಂತೆ ಆ ಮಂಡಲದ ಸಂವೇದಕಗಳನ್ನು ಒಂದೊಂದಾಗಿ ಬಿಚ್ಚಬೇಕು. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೆಯೋ ಅದರಲ್ಲಿ, ಇಲ್ಲವೇ ಅದರ ಸಂಪರ್ಕದಲ್ಲಿ, ದೋಷವಿದೆ. ಎಲ್ಲವನ್ನೂ ಬಿಚ್ಚಿದರೂ ಮರಳದಿದ್ದರೆ ಬ್ಯಾಟರಿಯ ಋಣ ತಂತಿಯನ್ನೂ ಇಸಿಯುವಿನ ಕನೆಕ್ಟರನ್ನೂ ತೆಗೆದು, ಪೂರೈಕೆ ತಂತಿಗೂ ಕಾರಿನ ಲೋಹದ ಮೈಗೂ ನಡುವಿನ ರೋಧವನ್ನು ಅಳೆಯಲಾಗುತ್ತದೆ. ರೋಧ ಶೂನ್ಯದ ಸಮೀಪವಿದ್ದರೆ ತಂತಿಯ ಹೊದಿಕೆ ಎಲ್ಲೋ ಸವೆದು ಲೋಹಕ್ಕೆ ತಾಗುತ್ತಿದೆ. ತಂತಿ ಸರಿಯಿದ್ದರೆ ಮಾತ್ರ ಇಸಿಯುವನ್ನು ಶಂಕಿಸಬೇಕು. ಈ ದುಬಾರಿ ಘಟಕವನ್ನೇ ಮೊದಲು ಬದಲಿಸುವುದು ವರ್ಕ್‌ಶಾಪ್‌ಗಳಲ್ಲಿ ಆಗುವ ತಪ್ಪು.

ಅರ್ಥ್ ತಂತಿ ತುಂಡಾದಾಗ ಲಕ್ಷಣ ಬೇರೆ. ಬ್ಯಾಟರಿಯ ಋಣ ಧ್ರುವದಿಂದ ಅಳೆದರೆ 5 ವೋಲ್ಟ್ ಸರಿಯಾಗಿಯೇ ಕಾಣುತ್ತದೆ, ಕನೆಕ್ಟರ್‌ನ ಅರ್ಥ್‌ನಿಂದ ಅಳೆದರೆ ಕಾಣುವುದಿಲ್ಲ. ಇದರಿಂದಾಗಿ ಎರಡು ಕಡೆಯಿಂದಲೂ ಅಳೆಯುವುದು ಅಗತ್ಯ. ಎರಡು ತಂತಿಗಳ ಶೀತಕ ಉಷ್ಣತಾ ಸಂವೇದಕವೂ ಅದೇ ಅರ್ಥ್‌ಗೆ ಸೇರಿದ್ದರೆ, ಬಿಸಿ ಎಂಜಿನ್‌ನಲ್ಲಿಯೂ ಸ್ಕ್ಯಾನರ್ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್ ತೋರಿಸಬಹುದು.