ಸುಂಕದ ಗಡಿಯೂ ಜನಾಭಿಪ್ರಾಯವೂ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಂದಿರುವ ಮಾತು. ಹಲವು ದೇಶಗಳು ಒಟ್ಟುಗೂಡಿ, ತಮ್ಮ ನಡುವಣ ಸುಂಕಗಳನ್ನು ತಗ್ಗಿಸಿಕೊಂಡು, ಆರ್ಥಿಕ ಒಕ್ಕೂಟಗಳನ್ನು ರಚಿಸಿಕೊಳ್ಳುವ ಈ ಕಾಲದಲ್ಲಿ ಸುಂಕವನ್ನು ತೆಗೆಯುವವನ ಮುಂದೆಯೂ ಜನರು ಸುಖದುಃಖ ಹೇಳಿಕೊಳ್ಳಬೇಕಾಗಿ ಬಂದಿದೆ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ವಕ್ಕಲೇರಿಯಿಂದ ಹಿಡಿದು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳವರೆಗಿನ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಬಾವಿಗಳನ್ನು ನೆಚ್ಚಿದ ಇಲ್ಲಿಯ ರೈತರಿಗೆ ರೇಷ್ಮೆಯೂ ಹಾಲೂ ಊರೆಗೋಲುಗಳು.

ಮೈಸೂರು ಸಂಸ್ಥಾನಕ್ಕೆ ಬಂದರಿರಲಿಲ್ಲ. ಕಡಲಸುಂಕವನ್ನು ಗೊತ್ತುಮಾಡುತ್ತಿದ್ದುದು ಬ್ರಿಟಿಷ್ ಇಂಡಿಯಾ ಸರ್ಕಾರ. 1930ರ ಸುಮಾರಿಗೆ ಚೀನಾ, ಜಪಾನುಗಳ ಅಗ್ಗದ ರೇಷ್ಮೆ ಬಂದಾಗ ಕೋಲಾರದ ಬೆಳೆಗಾರನು ಬೇರೊಬ್ಬರ ತೀರ್ಮಾನಕ್ಕಾಗಿ ಕಾಯಬೇಕಾಯಿತು. 1933ರಲ್ಲಿ ಟ್ಯಾರಿಫ್ ಬೋರ್ಡು ವಿಚಾರಣೆ ನಡೆಸಿತು; 1934ರಲ್ಲಿ ರಕ್ಷಣಾಸುಂಕದ ಕಾನೂನು ಬಂದಿತು. ಪರಿಹಾರ ದೊರೆಯಿತು, ಆದರೆ ಆ ಕಾನೂನನ್ನು ಮಾಡಿದ ಸಭೆಯಲ್ಲಿ ಸಂಸ್ಥಾನದ ಪ್ರಜೆಗೆ ಪ್ರತಿನಿಧಿಯಿರಲಿಲ್ಲ.

ಎಂಬತ್ತೈದು ವರ್ಷಗಳ ತರುವಾಯ ಹಾಲಿನ ಸರದಿ ಬಂದಿತು. ಹದಿನಾರು ದೇಶಗಳು ‘ಪ್ರಾದೇಶಿಕ ಸಮಗ್ರ ಆರ್ಥಿಕ ಸಹಭಾಗಿತ್ವ’ವೆಂಬ ಒಪ್ಪಂದಕ್ಕಾಗಿ 2012ರಿಂದ ಯೋಚಿಸುತ್ತಿದ್ದುವು. ಅವುಗಳಲ್ಲಿ ನ್ಯೂಜಿಲೆಂಡೂ ಒಂದು. ಅದು ತನ್ನ ಹಾಲಿನ ಬಹುಭಾಗವನ್ನು ಪುಡಿ, ಬೆಣ್ಣೆಗಳ ರೂಪದಲ್ಲಿ ಹೊರಕ್ಕೆ ಮಾರುವ ದೇಶ. ಎರಡು ಹಸು ಸಾಕಿದವರು ಇದರ ಎದುರು ನಿಲ್ಲುವುದೆಂತು ಎಂದು 2019ರ ಅಕ್ಟೋಬರಿನಲ್ಲಿ ಕರ್ನಾಟಕದ ರೈತಸಂಘಟನೆಗಳು ಪ್ರತಿಭಟಿಸಿದುವು. ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತವು ತಾನು ಸೇರುವುದಿಲ್ಲವೆಂದು ತಿಳಿಸಿತು. ಉಳಿದ ಹದಿನೈದು ದೇಶಗಳು 2020ರಲ್ಲಿ ಸಹಿ ಹಾಕಿದುವು.

ಹಾಗೆಂದ ಮಾತ್ರಕ್ಕೆ ಇಲ್ಲಿಯ ಜನ ಗಡಿಗಳನ್ನೆಲ್ಲ ಮುಚ್ಚಬೇಕೆನ್ನುವವರೆಂದು ಭಾವಿಸಲಾಗದು. ಕೋಲಾರದ ಮಾರುಕಟ್ಟೆಯ ಟೊಮೇಟೊ ಬಾಂಗ್ಲಾದೇಶಕ್ಕೂ ಹೋಗಿದೆ. ಹಾಲಿಗಾಗಿ ಬಾಗಿಲು ಹಾಕಿರಬೇಕೆಂದು ಬಯಸುವ ಮನೆಯೇ ಟೊಮೇಟೊಗಾಗಿ ಅದು ತೆರೆದಿರಲೆಂದು ಬಯಸುವುದುಂಟು. ಇದು ಚಪಲಚಿತ್ತವಲ್ಲ, ಜೀವನದ ಲೆಕ್ಕ.

ಬೇರೆಡೆಯ ಚರಿತ್ರೆಯೂ ಈ ಮಾತನ್ನು ಸಮರ್ಥಿಸುತ್ತದೆ. ಯೂರೋಪಿನ ಒಕ್ಕೂಟದಲ್ಲಿ ಉಳಿಯಬೇಕೆಂದು 1975ರಲ್ಲಿ ಬ್ರಿಟನ್ನಿನ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಜನ ಹೇಳಿದರು. 2016ರಲ್ಲಿ ನೂರಕ್ಕೆ 51.9ರಷ್ಟು ಮಂದಿ ಬಿಡೋಣವೆಂದರು. ಜನಾಭಿಪ್ರಾಯವು ಒಮ್ಮೆ ಪಡೆದು ಪೆಟ್ಟಿಗೆಯಲ್ಲಿಡುವ ಪತ್ರವಲ್ಲ. ಒಕ್ಕೂಟದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ಮೊದಲೇ ತಿಳಿಸಿ, ನಷ್ಟವಾಗುವವರ ಮಾತನ್ನು ಸಹಿಗೆ ಮುಂಚೆ ಕೇಳುವುದು ರಾಜ್ಯಭಾರ ಮಾಡುವವರ ಧರ್ಮ.