ಬೈಲು, ಬೆಟ್ಟು, ಕುಮ್ಕಿ: ಪುಂಜಾಲಕಟ್ಟೆ ಸೀಮೆಯ ಹಿಡುವಳಿಗಳ ಚರಿತ್ರೆ

ಪುಂಜಾಲಕಟ್ಟೆಯ ಸುತ್ತ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಗೆ ಹಬ್ಬಿದ ಹಳ್ಳಿಗಳಲ್ಲಿ ಹಳೆಯ ಮನೆಗಳು ಬೀದಿ ಹಿಡಿದು ಸಾಲಾಗಿ ನಿಂತಿಲ್ಲ. ಬೈಲಿನ ಅಂಚಿಗೊಂದು, ಗುಡ್ಡದ ಬುಡಕ್ಕೊಂದು ಮನೆ. ಇಲ್ಲಿಯ ವಸತಿಯ ಚರಿತ್ರೆಯನ್ನು ಗದ್ದೆಯ ಬದುವಾದ ಪುಣಿಯಿಂದಲೇ ಓದಬೇಕು.

ನೆಲವನ್ನು ಮೊದಲು ವಿಂಗಡಿಸಿದ್ದು ನೀರು. ತಗ್ಗಿನ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ನಡುಮಟ್ಟದ ಮಜಲಿನಲ್ಲಿ ಎರಡು, ಎತ್ತರದ ಬೆಟ್ಟುಗದ್ದೆಯಲ್ಲಿ ಮಳೆಗಾಲದ ಏಣೆಲು ಮಾತ್ರ. ಮೇಲಿನ ಗದ್ದೆಯ ನೀರು ಪುಣಿಯ ಕಂಡಿಯಿಂದ ಕೆಳಗಿನ ಗದ್ದೆಗೆ ಇಳಿದು ಕೊನೆಗೆ ತೋಡು ಸೇರುತ್ತದೆ. ಪುಣಿ ಡೊಂಕಾಗಿರುವುದಕ್ಕೆ ಗುಡ್ಡದ ಇಳಿಜಾರೇ ಕಾರಣ. ಗದ್ದೆಯ ಅಳತೆಯೂ ಬಿತ್ತುವ ಬೀಜದ ಲೆಕ್ಕದಲ್ಲಿತ್ತು: ಇಷ್ಟು ಮುಡಿ, ಇಷ್ಟು ಕಳಸೆ.

1799ರಲ್ಲಿ ಈ ಸೀಮೆಯೂ ಸೇರಿದ್ದ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಾಗ ಮೊದಲ ಕಲೆಕ್ಟರ್ ಥಾಮಸ್ ಮನ್ರೋ, ಇಲ್ಲಿ ಭೂಮಿ ಹಿಂದಿನಿಂದಲೂ ಖಾಸಗಿ ಸೊತ್ತೆಂಬುದನ್ನು ಗುರುತಿಸಿದ. ಕಂದಾಯದ ಘಟಕ ‘ವರ್ಗ’. ಒಂದೇ ವರ್ಗದ ಗದ್ದೆಗಳು ಅಲ್ಲಲ್ಲಿ ಚದುರಿರುವುದೂ ಉಂಟು. ವರ್ಗ ಜಮೀನಿನಿಂದ 100 ಗಜದವರೆಗಿನ ಸರಕಾರಿ ನೆಲ ಕುಮ್ಕಿ. ಅಲ್ಲಿ ಸೊಪ್ಪು, ಕಟ್ಟಿಗೆ, ಮೇವಿನ ಹಕ್ಕು ವರ್ಗದಾರನದು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮು ಆ ಸವಲತ್ತನ್ನು ಉಳಿಸಿತು. ಗುಡ್ಡದ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ ಹೋಗುತ್ತಿದ್ದುದರಿಂದ ಕುಮ್ಕಿಯನ್ನು ಬಿಟ್ಟು ಗದ್ದೆಯನ್ನಷ್ಟೇ ಹಿಡುವಳಿ ಎನ್ನುವುದು ಸರಿಯಲ್ಲ.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, ಹೆಣ್ಣಿನ ಕಡೆಯಿಂದ ಆಸ್ತಿ ಸಾಗುವ ಕುಟುಂಬದ ಕವರುಗಳಿಗೆ (ಶಾಖೆಗಳಿಗೆ) ಆಸ್ತಿ ಪಾಲು ಕೇಳುವ ಹಕ್ಕು ಕೊಟ್ಟಿತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಚಾಲಗೇಣಿಯ (ಕಾಯಂ ಅಲ್ಲದ ಗೇಣಿಯ) ಒಕ್ಕಲುಗಳು ಡಿಕ್ಲರೇಶನ್ ಹಾಕಿ ಒಡೆಯರಾದರು. ನ್ಯಾಯವಾಗಿ ಆಗಲೇಬೇಕಿದ್ದ ಬದಲಾವಣೆ ಅದು. ಒಕ್ಕಲು ತಾನು ಉಳುತ್ತಿದ್ದ ಗದ್ದೆಯನ್ನೇ ಪಡೆದದ್ದರಿಂದ ಒಡೆತನ ತಲೆಕೆಳಗಾದರೂ ಪುಣಿ ಬಹುಮಟ್ಟಿಗೆ ಇದ್ದಲ್ಲೇ ಉಳಿಯಿತು ಎಂಬುದು ನನ್ನ ವಾದ.

ಗಡಿಗೆರೆಗಳ ಈ ಬಾಳಿಕೆಯನ್ನು ಚೀನಾದ ಹಳೆಯ ನಗರಗಳೊಂದಿಗೆ ಹೋಲಿಸಿ ನೋಡಬಹುದು. ಸೂಝೌ ನಗರದ ಬೀದಿ, ಕಾಲುವೆಗಳನ್ನು 1229ರಲ್ಲೇ ಕಲ್ಲಿನ ಮೇಲೆ ನಕ್ಷೆಯಾಗಿ ಕೆತ್ತಲಾಗಿತ್ತು. ಕಟ್ಟಡದಷ್ಟೇ ನಿವೇಶನದ ಗೆರೆಯೂ ಚರಿತ್ರೆಯ ಆಕರವೆಂದು ಭೂಗೋಳಶಾಸ್ತ್ರಜ್ಞ ಎಂ.ಆರ್.ಜಿ. ಕೊನ್ಜೆನ್ 1960ರಲ್ಲಿ ಇಂಗ್ಲೆಂಡಿನ ಆಲ್ನಿಕ್ ಪಟ್ಟಣದ ಅಧ್ಯಯನದಲ್ಲಿ ತೋರಿಸಿದರು; ಮುಂದೆ ಆ ವಿಧಾನ ಚೀನಾದ ಪಿಂಗ್ಯಾವೋ ನಗರಕ್ಕೂ ಬಳಕೆಯಾಯಿತು. ನಮ್ಮಲ್ಲಿ ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿಯನ್ನು ಪರಂಪರೆ ಎಂದು ಕಾಪಾಡುತ್ತೇವೆ. ಅಂಥ ಬಸದಿಗಳ ಉಂಬಳಿ ಗದ್ದೆಗಳನ್ನು ಹಾಗೆ ಕಂಡವರು ಕಡಿಮೆ.

ಒಡೆತನ ಬದಲಾದಾಗಲೂ ಉಳಿದ ಪುಣಿ ಈಗ ಅಳಿಯುತ್ತಿದೆ. ಹೆದ್ದಾರಿ ಬದಿಯ ಗದ್ದೆಗೆ ಮಣ್ಣು ತುಂಬಿ, ಕನ್ವರ್ಶನ್ ಮಾಡಿಸಿ, ಸೆಂಟ್ಸ್ ಲೆಕ್ಕದಲ್ಲಿ ಚೌಕ ಸೈಟು ಮಾಡಿದಾಗ ಪುಣಿಯೊಂದಿಗೆ ಕಂಡಿಯೂ ಮುಚ್ಚುತ್ತದೆ. ಮೇಲಿನ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಕೆಳಗಿನದು ಒಣಗುತ್ತದೆ. ಸರ್ವೆಯ ಎಫ್‌ಎಂಬಿ (ಫೀಲ್ಡ್ ಮೆಷರ್‌ಮೆಂಟ್ ಬುಕ್) ನಕ್ಷೆಯಲ್ಲಿ ಗಡಿಯ ಅಳತೆ ಸಿಕ್ಕೀತು, ಕಂಡಿಯ ಜಾಗ ಸಿಗದು. ಅದು ಗದ್ದೆ ಮಾಡಿದ ಹಿರಿಯರಿಗೆ ಗೊತ್ತು. ಅವರನ್ನು ಕೇಳಿ, ಬೈಲಿನಿಂದ ಬೈಲಿಗೆ ನೀರಿನ ದಾರಿಯನ್ನು ಆ ನಕ್ಷೆಗಳ ಮೇಲೆ ಗುರುತಿಸುವ ಕೆಲಸವನ್ನು ಗ್ರಾಮ ಪಂಚಾಯತಿಗಳು ಈಗಲೇ ಕೈಗೆತ್ತಿಕೊಳ್ಳಬೇಕು.