ಒಂದೇ ಅಚ್ಚು, ಹಲವು ಹೆಸರು: ಮಂಗಳೂರು ಹಂಚಿನ ಕಥೆ

ಧರ್ಮಸ್ಥಳದ ಬಳಿ ಹರಿಯುವ ನೇತ್ರಾವತಿ ನದಿ ಬಂಟ್ವಾಳವನ್ನು ಹಾದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಈ ನದಿಯ ಕೆಳಭಾಗದ ದಡಗಳಲ್ಲಿ ಸಿಗುವ ಆವೆಮಣ್ಣು ಒಂದು ದೊಡ್ಡ ಉದ್ಯಮಕ್ಕೇ ಆಧಾರವಾಯಿತು. ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಮನೆಗಳಿಂದ ಇಳಿಸಿದ ಹಂಚುಗಳನ್ನು ಮಗುಚಿ ನೋಡಿ. ತಯಾರಕರ ಹೆಸರು, ಊರು, ಕೆಲವೊಮ್ಮೆ ಇಸವಿಯೂ ಮೂಡಿರುತ್ತದೆ. ಹೆಸರು ಬೇರೆ ಬೇರೆ, ಆಕಾರ ಮಾತ್ರ ಒಂದೇ! ಎಲ್ಲರೂ ಒಂದೇ ವಸ್ತುವನ್ನು ತಯಾರಿಸುವಾಗ ಒಂದು ಕಾರ್ಖಾನೆ ಉಳಿದವುಗಳಿಗಿಂತ ಮುಂದಿರುವುದು ಹೇಗೆ?

ಒಂದರ ಅಂಚು ಇನ್ನೊಂದರೊಳಗೆ ಕೂಡಿಕೊಳ್ಳುವ ಚಪ್ಪಟೆ ಹಂಚಿಗೆ ಫ್ರಾನ್ಸಿನ ಗಿಲಾರ್ಡೊನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದರು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಇಂತಹ ಹಂಚಿನ ಕಾರ್ಖಾನೆ ತೆರೆದರು. ಕೈಗೆ ಸಿಕ್ಕ ಒಂದು ಹಂಚನ್ನು ನೋಡಿಯೇ ಅದರ ಅಚ್ಚು ತಯಾರಿಸಬಹುದು. 1868ರ ಹೊತ್ತಿಗೆ ಆಲ್ಬುಕರ್ಕ್ ಕಾರ್ಖಾನೆ ಬಂತು. ಅನಂತರ ನದೀತೀರದಲ್ಲಿ ಹಲವು ಕಾರ್ಖಾನೆಗಳು ತಲೆಯೆತ್ತಿದವು.

ಹೊಸಬರು ಬೇರೆ ಅಳತೆಯ ಹಂಚು ಮಾಡುವಂತಿರಲಿಲ್ಲ. ಮಾಡಿನ ಮೇಲೆ ಹತ್ತು ಹಂಚು ಒಡೆದರೆ, ಅದೇ ರೀಪುಗಳ ಮೇಲೆ ಕೂರುವ ಹತ್ತು ಹಂಚುಗಳೇ ಬೇಕು. ಹೀಗೆ ಬಳಕೆಯಿಂದಲೇ ಅಳತೆ ಸ್ಥಿರವಾಯಿತು. ಮುಂದೆ ಐಎಸ್ 654 ಎಂಬ ಭಾರತೀಯ ಮಾನಕವೂ ಬಂತು. ಅದರಲ್ಲಿ 'ಎಎ' ಮತ್ತು 'ಎ' ಎಂಬ ಎರಡು ದರ್ಜೆಗಳಿವೆ.

ಅಚ್ಚು ಒಂದೇ ಆದರೂ ಫಲ ಒಂದೇ ಅಲ್ಲ. ಆವೆಮಣ್ಣು ಒಣಗುವಾಗಲೂ ಬೇಯುವಾಗಲೂ ಕುಗ್ಗುತ್ತದೆ. ಅಚ್ಚಿನ ಉದ್ದ 45 ಸೆಂಮೀ ಎಂದಿಟ್ಟುಕೊಳ್ಳಿ. ಮಣ್ಣು ಶೇ. 8ರಷ್ಟು ಕುಗ್ಗಿದರೆ ಹಂಚಿನ ಉದ್ದ 41.4 ಸೆಂಮೀ, ಶೇ. 10ರಷ್ಟು ಕುಗ್ಗಿದರೆ 40.5 ಸೆಂಮೀ. ಈ 9 ಮಿಮೀ ವ್ಯತ್ಯಾಸವಿದ್ದರೆ ಹಂಚುಗಳು ಸರಿಯಾಗಿ ಕೂಡುವುದಿಲ್ಲ. ಆದ್ದರಿಂದ ಬೇರೆ ಬೇರೆ ಗದ್ದೆಗಳ ಮಣ್ಣನ್ನು ಹದವರಿತು ಬೆರೆಸಬೇಕು. ಗೂಡಿನಲ್ಲಿ ಶಾಖ ಸಾಲದಿದ್ದರೆ ಸೂಕ್ಷ್ಮ ರಂಧ್ರಗಳು ಹೆಚ್ಚು ಉಳಿದು ಹಂಚು ನೀರು ಹೀರುತ್ತದೆ. ಶಾಖ ಮಿತಿಮೀರಿದರೆ ಸೊಟ್ಟಗಾಗುತ್ತದೆ. ಯಂತ್ರವನ್ನು ಯಾರೂ ಕೊಳ್ಳಬಹುದು. ಮಣ್ಣಿನ ಹದ, ಬೆಂಕಿಯ ಹದ ಮಾತ್ರ ನುರಿತ ಕೆಲಸಗಾರರ ಅನುಭವದಲ್ಲಿತ್ತು. ಕಾರ್ಖಾನೆಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿತ್ತು.

ಈ ವ್ಯತ್ಯಾಸವನ್ನು ನೀವು ತರಗತಿಯಲ್ಲೇ ಅಳೆಯಬಹುದು. ಚೆನ್ನಾಗಿ ಒಣಗಿದ ಹಂಚನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿಡಿ. ಹೊರತೆಗೆದು, ಮೇಲ್ಮೈ ಒರೆಸಿ ಮತ್ತೆ ತೂಗಿ. 2400 ಗ್ರಾಂ ಇದ್ದುದು 2760 ಗ್ರಾಂ ಆದರೆ, ಅದು ಹೀರಿದ ನೀರು 360 ಗ್ರಾಂ, ಅಂದರೆ ಶೇ. 15. ಮಾನಕವು ಈ ಪ್ರಮಾಣಕ್ಕೆ ಮೇಲ್ಮಿತಿ ಹಾಕಿದೆ.

ಆದರೆ ಕೊಳ್ಳುವವರು ಅಂಗಡಿಯಲ್ಲಿ ಈ ಪರೀಕ್ಷೆ ಮಾಡಲಾರರು. ಅವರು ನೋಡುತ್ತಿದ್ದುದು ಹಂಚಿನ ಮೇಲಿನ ಮುದ್ರೆಯನ್ನು. ಹಿಂದಿನ ಮಳೆಗಾಲಗಳಲ್ಲಿ ಸೋರದ ಮಾಡು ಆ ಹೆಸರಿಗೆ ಬೆಲೆ ತಂದಿತ್ತು. ಬಾಸೆಲ್ ಮಿಶನ್ ತನ್ನ ಹಂಚುಗಳ ಮೇಲೆ 1865 ಎಂದು ಒತ್ತುತ್ತಿದ್ದುದೂ ಅರ್ಥಪೂರ್ಣವೇ. ಮೊದಲನೆಯ ಮಹಾಯುದ್ಧದ ಪರಿಣಾಮವಾಗಿ ಅದರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದವು.

ಇಷ್ಟಾದರೂ ಹಲವು ಕಾರ್ಖಾನೆಗಳು ಇಂದು ಮುಚ್ಚಿವೆ. ಕಾಂಕ್ರೀಟ್ ತಾರಸಿ ಬಂದಾಗ ಹಂಚೇ ಬೇಡವಾಯಿತು. ಜೊತೆಗೆ ಮಣ್ಣು, ಸೌದೆಗಳೂ ದುರ್ಲಭವಾದವು. ಗುಣಮಟ್ಟ ಮತ್ತು ಹೆಸರು ಇತರ ಹಂಚುಗಳೆದುರು ಗೆಲ್ಲಲು ಸಾಕಾದವು; ಹಂಚಿನ ಬದಲಿಗೆ ಬಂದ ವಸ್ತುವಿನೆದುರು ಸಾಕಾಗಲಿಲ್ಲ. ಗೂಡು ಆರಿದಾಗ ಅದರ ಹದ ಬಲ್ಲವರ ವಿದ್ಯೆಯೂ ಮರೆಯಾಗುತ್ತದೆ. ನಿಮ್ಮೂರಿನಲ್ಲಿ ಅಂತಹ ಹಿರಿಯ ಕೆಲಸಗಾರರಿದ್ದರೆ, ವಿದ್ಯಾರ್ಥಿಗಳೊಡನೆ ಹೋಗಿ ಕೇಳಿ, ಬರೆದಿಟ್ಟುಕೊಳ್ಳಿ.